ಏಳನೆಯ ಕೋಣೆಯ ಅಲೆಗೂಡಿನ ಕಟ್ಟಳೆ ಬದಲಾದ ಬಗ್ಗೆ

ಶಾಲಿವಾಹನ ಶಕ ೨೧೧೦, ಸರ್ವಧಾರಿ ಸಂವತ್ಸರ, ಚೈತ್ರ ಶುದ್ಧ ದಶಮಿ.
ನಿಮ್ಮ ಲೆಕ್ಕದಲ್ಲಿ ಇಸವಿ ೨೧೮೮.
ಹಳೆಗಣಿ ಹೆರಿಗೆ ಆಸ್ಪತ್ರೆ, ಕಾಗಿಣಾ ನದಿಯ ದಂಡೆ.

ಗೋಡೆಗೆ ವೈಫೈ ಪೆಟ್ಟಿಗೆ ಹಚ್ಚಿ, ಅವುಗಳ ಯೋಗಕ್ಷೇಮ ನೋಡಿಕೊಳ್ಳುವ ಹಿಂದಿನ ಕಾಲದ ಅಕ್ಕಂದಿರಿಗೂ ಅಣ್ಣಂದಿರಿಗೂ ಜಗದೇವಿಯ ಶರಣು.

ನೂರೈವತ್ತಕ್ಕೂ ಹೆಚ್ಚು ವರ್ಷದ ಆಚೆಯಿಂದ ಬರೆಯುತ್ತಿರುವುದರಿಂದ ನನ್ನ ಕೆಲವು ಶಬ್ದ ನಿಮಗೆ ಹೊಸದಾಗಿ ಕಂಡಾವು. ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಶಬ್ದ ತಿಳಿಯದ ಕಡೆ ಕೆಲಸವನ್ನು ವಿವರಿಸಿ ಹೇಳುತ್ತೇನೆ. ಕೆಲಸ ಮಾತ್ರ ನಿಮ್ಮದೂ ನಮ್ಮದೂ ಒಂದೇ.

ಇದು ಹಿಂದೋಲೆ. ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ಕೆಲಸದಲ್ಲಿ ತಪ್ಪು ಮಾಡಿ ಇನ್ನೊಬ್ಬರಿಗೆ ನೋವು ಕೊಟ್ಟವರು, ಅದೇ ಕೆಲಸವನ್ನು ಬಹಳ ಹಿಂದೆ ಮಾಡುತ್ತಿದ್ದವರಿಗೆ ಓಲೆ ಬರೆದು, ತಪ್ಪು ಹೇಗಾಯಿತು ಎಂದು ತಿಳಿಸಬೇಕು. ಎದುರಿಗಿದ್ದವರಿಗೆ ಬರೆದರೆ ಮನುಷ್ಯ ಅವರ ಮುಖ ನೋಡಿ ಮಾತು ತಿದ್ದುತ್ತಾನೆ. ಹಿಂದಿನವರ ಮುಖ ಕಾಣುವುದಿಲ್ಲ, ಹಾಗಾಗಿ ಮಾತು ನೆಟ್ಟಗೆ ಬರುತ್ತದೆ ಎಂದು ಈ ಪದ್ಧತಿ ಮಾಡಿದ್ದಾರೆ. ಬರೆದದ್ದನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದಿ ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ನಿಮಗೆ ಮುಟ್ಟುವುದೋ ಬಿಡುವುದೋ ಶಿವನಿಗೆ ಬಿಟ್ಟದ್ದು.

ಮೊದಲು ನಮ್ಮ ಜಾಗದ ಬಗ್ಗೆ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಇಲ್ಲಿ ಫರಸಿ ಕಲ್ಲು ತೆಗೆಯುವ ಗಣಿ ಇತ್ತು. ಕಲ್ಲು ತೀರಿದ ಮೇಲೆ ಉಳಿದ ಕುಣಿಯಲ್ಲಿಯೇ ನಮ್ಮ ಆಸ್ಪತ್ರೆ ಕಟ್ಟಿದ್ದಾರೆ. ಮಾಘ ಮುಗಿದರೆ ನೆಲದ ಮೇಲೆ ಹಗಲು ಹೊತ್ತು ನಿಲ್ಲಲಾಗುವುದಿಲ್ಲ. ಆದ್ದರಿಂದ ಹೆರುವುದು, ಓದುವುದು, ರೊಟ್ಟಿ ಬಡಿಯುವುದು ಎಲ್ಲವೂ ನೆಲದ ಕೆಳಗೆ. ಬಸುರಿಯರು ಸುತ್ತಲಿನ ನಲವತ್ತು ಹಳ್ಳಿಗಳಿಂದ ನೆರಳುಹಾದಿಯಲ್ಲಿ ಬರುತ್ತಾರೆ. ಎರಡೂ ಕಡೆ ಬೇವು ಹಚ್ಚಿ ಮೇಲೆ ಚಾಪೆ ಹೊದಿಸಿದ ರಸ್ತೆಗೆ ನಾವು ಹಾಗೆನ್ನುತ್ತೇವೆ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಇಂದಿಗೂ ಇದೆ. ತೊಗರಿಬೇಳೆ ಮಾತ್ರ ಹಬ್ಬಕ್ಕಷ್ಟೇ, ಆ ಬೆಳೆ ಈಗಿನ ಬಿಸಿಲನ್ನು ತಡೆಯುವುದಿಲ್ಲ. ಬಾಣಂತಿಯರಿಗೆ ಮೂರು ದಿನ ತಪ್ಪದೆ ಬೇಳೆಕಟ್ಟು ಕೊಡುತ್ತೇವೆ. ಕೊಡದಿದ್ದರೆ ಅವರ ತಾಯಂದಿರು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಅರವತ್ತೆರಡು ಕೋಣೆಗಳಿವೆ. ಕಲ್ಲಿನ ಗೋಡೆ ಎರಡು ಮೊಳ ದಪ್ಪ, ಅಲೆ ಅದನ್ನು ದಾಟುವುದಿಲ್ಲ. ಹೀಗಾಗಿ ಪ್ರತಿ ಕೋಣೆಗೂ ಒಂದೊಂದು ಅಲೆಗೂಡು ಇದೆ. ನೀವು ಆಕ್ಸೆಸ್ ಪಾಯಿಂಟ್ ಎನ್ನುವುದು ಅದನ್ನೇ. ಯಾವ ಗೂಡು ಯಾವ ಚಾನೆಲ್ಲಿನಲ್ಲಿ, ಎಷ್ಟು ಜೋರಾಗಿ, ಯಾರ ಮಾತನ್ನು ಹೊರಬೇಕು ಎಂಬ ನಿಯಮಗಳಿಗೆ ಕಟ್ಟಳೆ ಎನ್ನುತ್ತೇವೆ, ನೀವು ಕಾನ್ಫಿಗರೇಶನ್ ಎನ್ನುತ್ತಿದ್ದಿರಂತೆ. ಕಟ್ಟಳೆಯನ್ನು ಎಲ್ಲ ಗೂಡುಗಳಿಗೂ ಹಂಚುವ ದೊಡ್ಡ ಪೆಟ್ಟಿಗೆ ಯಜಮಾನ. ಗೂಡುಗಳನ್ನು ನೋಡಿಕೊಳ್ಳುವ ನಾವು ಪಾಲಕಿಯರು. ಇಲ್ಲಿ ಹೆತ್ತ ಪ್ರತಿ ತಾಯಿಯ ಮುಂಗೈಗೆ ನಾಡಿಬಳೆ ತೊಡಿಸುತ್ತೇವೆ. ನಾಡಿ ಇಳಿದರೆ, ರಕ್ತ ಹೆಚ್ಚು ಹೋದರೆ ಬಳೆ ಕೂಗುತ್ತದೆ. ಆ ಕೂಗನ್ನು ಗೂಡು ಹೊತ್ತು ಸೂಲಗಿತ್ತಿಯರ ಕಟ್ಟೆಗೆ ಮುಟ್ಟಿಸುತ್ತದೆ. ಗೂಡು ಹೊರದಿದ್ದರೆ ಕೂಗು ಆ ಕೋಣೆಯ ಕಲ್ಲಿಗಷ್ಟೇ ಕೇಳಿಸುತ್ತದೆ.

ನನಗೆ ಈ ಕೆಲಸ ಕಲಿಸಿದವರು ದಾವಲಬಿ ಅಕ್ಕ. ನಾನು ಮೊದಲು ಇಲ್ಲಿ ಕಸ ಗುಡಿಸಲು ಬಂದವಳು. ಗೂಡಿನ ದೀಪ ಕೆಂಪಾದರೆ ಓಡಿ ಹೋಗಿ ಹೇಳುತ್ತಿದ್ದೆ. ಅದನ್ನು ನೋಡಿ ಆಕೆ ನನ್ನ ಕೈಯಿಂದ ಪೊರಕೆ ಇಸಿದುಕೊಂಡು ನೋಟುಬುಕ್ಕು ಕೊಟ್ಟರು. ಗೂಡಿಗೆ ಕೈ ಹಚ್ಚುವ ಮೊದಲು ಮೂರು ಸಂಗತಿ ಬರೆದಿಡಬೇಕೆಂದು ಹೇಳಿದರು: ಯಾವ ಕೋಣೆ, ದೀಪದ ಬಣ್ಣ ಏನು, ಗೂಡು ಎದ್ದು ಎಷ್ಟು ಗಂಟೆಯಾಯಿತು. ಗೂಡುಗಳು ಒಂಬತ್ತು ದಿನಕ್ಕೊಮ್ಮೆ ತಾವಾಗಿ ಆರಿ ಮತ್ತೆ ಏಳುತ್ತವೆ. ಎದ್ದಾಗಿನಿಂದ ಗಂಟೆ ಎಣಿಸುತ್ತಿರುತ್ತವೆ. ಆ ಎಣಿಕೆ ಯಾಕೆ ಬರೆಯಬೇಕೆಂದು ನಾನು ಕೇಳಲಿಲ್ಲ. ಹೇಳಿದರು, ಹದಿನಾಲ್ಕು ವರ್ಷ ಬರೆದೆ.

ಇನ್ನು ಅಜ್ಜನ ವಿಷಯ. ನಮ್ಮ ಹಳೆಯ ಯಜಮಾನ ಪೆಟ್ಟಿಗೆ ಮೂವತ್ತೆಂಟು ವರ್ಷ ದುಡಿದು, ಹನ್ನೊಂದು ವರ್ಷದ ಹಿಂದೆ ವಿಶ್ರಾಂತಿ ಪಡೆಯಿತು. ಹೊಸ ಯಜಮಾನ ಬಂದ ಮೇಲೆ ಅದನ್ನು ಒಡೆದು ತಾಮ್ರ ತೆಗೆಯಬೇಕಿತ್ತು. ನಾನು ಬೇಡವೆಂದು ಕೈ ಮುಗಿದೆ. ಅಷ್ಟು ಸಾವಿರ ಹೆರಿಗೆಗಳ ಸುದ್ದಿ ಹೊತ್ತ ಪೆಟ್ಟಿಗೆ ಅದು. ಅದಕ್ಕೆ ಅಜ್ಜ ಎಂದು ಹೆಸರಿಟ್ಟು ಗೋಡೆಯ ಒಂದು ಗೂಡುಮಾಡಿನಲ್ಲಿ ಕೂಡಿಸಿದೆವು. ನಮ್ಮ ಕಡೆ ಅಮಾವಾಸ್ಯೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುತ್ತಾರೆ, ಗಾಡಿಗೆ, ಒಲೆಗೆ, ಮಗ್ಗಕ್ಕೆ. ಹಾಗೆಯೇ ನಾನು ಪ್ರತಿ ಅಮಾವಾಸ್ಯೆ ಮುಂಜಾನೆ ಲಿಂಗಪೂಜೆ ಮುಗಿಸಿ ಬಂದು, ಅಜ್ಜನಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗುತ್ತಿದ್ದೆ. ಆರಿದ ದೀಪಕ್ಕೆ ಕೈ ಮುಗಿಯುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಕರೆಂಟು ಕೊಟ್ಟು ಎಬ್ಬಿಸುತ್ತಿದ್ದೆ. ಹಸಿರು ದೀಪ ಹತ್ತುತ್ತಿತ್ತು. ಒಂದು ಹಗಲು ಒಂದು ರಾತ್ರಿ ಹಾಗೇ ಉರಿಯಲು ಬಿಟ್ಟು, ಪಾಡ್ಯದ ಮುಂಜಾನೆ ಮಲಗಿಸುತ್ತಿದ್ದೆ. ಹತ್ತು ವರ್ಷ ಹೀಗೆ ನಡೆಯಿತು. ಯಾರಿಗೂ ಏನೂ ಆಗಲಿಲ್ಲ.

ಕಳೆದ ಮಾರ್ಗಶಿರದಲ್ಲಿ ಆ ಗೋಡೆ ಸೋರತೊಡಗಿತೆಂದು ಅಜ್ಜನನ್ನು ಹೊಸ ಗೂಡುಮಾಡಿಗೆ ತಂದೆವು. ಅಲ್ಲಿ ಬರೀ ಕರೆಂಟಿನ ತೂತು ಇರಲಿಲ್ಲ. ಒಂದೇ ತಂತಿಯಲ್ಲಿ ಕರೆಂಟೂ ಮಾತೂ ಹರಿಯುವ ತೂತು ಇತ್ತು. ನಿಮ್ಮ ಕಾಲದಲ್ಲಿಯೂ ಇಂಥದ್ದು ಇತ್ತಂತೆ. ನಾನು ಅದಕ್ಕೆ ಸಿಕ್ಕಿಸಿದೆ. ದೀಪ ಹತ್ತಿತು. ನನಗೆ ಅಷ್ಟು ಸಾಕಾಗಿತ್ತು.

ಎಳ್ಳ ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಎರಡು ಗೂಡುಗಳ ಕಟ್ಟಳೆ ಬದಲಾಗಿದ್ದು ಕಂಡಿತು. ಒಂದು ಉಗ್ರಾಣದ್ದು, ಒಂದು ನಡುಹಾದಿಯದ್ದು. ದೀಪ ಹಸಿರೇ ಇತ್ತು. ಆದರೆ ನಾಡಿಬಳೆಯ ಮಾತನ್ನು ಹೊರಬೇಕೆಂಬ ನಿಯಮವೇ ಅವುಗಳಲ್ಲಿ ಇರಲಿಲ್ಲ. ಕಟ್ಟಳೆಯ ಕೆಳಗೆ ಬರೆದವರ ಹೆಸರು ಇರುತ್ತದೆ. ಅಲ್ಲಿ ದಾವಲಬಿ ಎಂದಿತ್ತು. ತೇದಿ ಹನ್ನೊಂದು ವರ್ಷದ ಹಿಂದಿನದು. ಅಕ್ಕ ನೋಡಿ ನಕ್ಕು, ಇದು ಗೂಡಿನ ಹುಚ್ಚು ಎಂದು ಸರಿಪಡಿಸಿದರು. ನಾನು ಮೂರು ಸಂಗತಿ ಬರೆದುಕೊಂಡೆ.

ಪುಷ್ಯದ ಅಮಾವಾಸ್ಯೆಯಾದ ಮೂರನೆಯ ದಿನ, ಮಾಘ ಶುದ್ಧ ತದಿಗೆ, ಭಾಗ್ಯವಂತಿ ಎಂಬ ಹೆಣ್ಣುಮಗಳನ್ನು ಏಳನೆಯ ಕೋಣೆಗೆ ತಂದರು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಅದಕ್ಕೂ ಮುಂಚೆ ಆ ಕೋಣೆ ನಾಲ್ಕು ದಿನ ಖಾಲಿ ಇತ್ತು. ಬೆಳಗಿನ ಹತ್ತೂವರೆ ಗಂಟೆಗೆ ಆಕೆಗೆ ರಕ್ತಸ್ರಾವ ಶುರುವಾಯಿತು. ಬಳೆ ಕೂಗಿತು. ಗೂಡು ಹಸಿರು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ಆಕೆಯ ಅತ್ತೆ ಕಾಯ್ದು ಕಾಯ್ದು ಕೊನೆಗೆ ಸೂಲಗಿತ್ತಿಯರ ಕಟ್ಟೆಗೇ ಓಡಿ ಬಂದಳು. ಅವರು ಗೋಧಿ ಹುಗ್ಗಿ ಉಣ್ಣುತ್ತಿದ್ದರು.

"ಬಳಿ ಕೂಗಲತ್ತದ. ನಿಮಗ ಕಿವಿ ಇಲ್ಲೇನು?"

ಹದಿನೆಂಟು ನಿಮಿಷ ತಡವಾಗಿತ್ತು. ಶಿವನ ದಯೆ, ಭಾಗ್ಯವಂತಿ ಬದುಕಿದಳು. ಆದರೆ ಇಪ್ಪತ್ತು ದಿನ ಎದ್ದು ಕೂಡಲಾಗಲಿಲ್ಲ, ಕೂಸಿಗೆ ಬೇರೆ ತಾಯಂದಿರು ಹಾಲು ಕೊಟ್ಟರು. ಗೂಡು ಪರೀಕ್ಷಿಸಿದರೆ ಅದೇ ಕಟ್ಟಳೆ, ಅದೇ ಹೆಸರು, ಅದೇ ಹಳೆಯ ತೇದಿ. ಹುಡುಕಿದಾಗ ಇನ್ನೂ ಮೂರು ಗೂಡು ಹಾಗೆಯೇ ಸಿಕ್ಕವು.

ದೊಡ್ಡ ಡಾಕ್ಟರು ಅನುಪಮಾ ಮಾಲಿಪಾಟೀಲ ಕೆಟ್ಟವರಲ್ಲ. ಆದರೆ ಭಾಗ್ಯವಂತಿಯ ಮನೆಯವರು ಅಂಗಳದಲ್ಲಿ ಕೂತಿದ್ದರು, ಅವರಿಗೆ ಉತ್ತರ ಕೊಡಬೇಕಿತ್ತು. ಡಾಕ್ಟರು ನಮ್ಮಿಬ್ಬರನ್ನೂ ಕರೆದರು. ತೇದಿಯನ್ನು ಬೇಕೆಂದೇ ಹಿಂದಕ್ಕೆ ಹಾಕಿ ಕೈಚಳಕ ಮುಚ್ಚಿದ್ದಾರೆ ಎಂಬ ಮಾತು ಆಗಲೇ ಎದ್ದಿತ್ತು. ಅವರು ನನ್ನನ್ನು ಕೇಳಿದ್ದು ಒಂದೇ ಮಾತು.

"ಇದು ದಾವಲಬಿ ಅವರ ಹೆಸರೇ ಹೌದಲ್ಲ, ಜಗದೇವಿ?"

"ಹೌದ್ರಿ."

ಅಷ್ಟೇ ಹೇಳಿದೆ. ಈ ಓಲೆ ಬರೆಯಬೇಕಾಗಿ ಬಂದದ್ದು ಅಜ್ಜನಿಂದಲ್ಲ, ಆ ಒಂದು ಮಾತಿನಿಂದ. ಆಕೆ ಇಂಥ ಕೆಲಸ ಮಾಡುವವರಲ್ಲ ಎಂದು ಸೇರಿಸಬಹುದಿತ್ತು. ಇನ್ನೂ ಎಂಟು ದಿನ ನೋಡೋಣ ಎನ್ನಬಹುದಿತ್ತು. ನನಗೆ ಅಂಜಿಕೆಯಾಯಿತು. ಆಕೆಯ ಜೊತೆ ನನ್ನನ್ನೂ ಹಿಡಿದಾರೆಂಬ ಅಂಜಿಕೆ. ಅಕ್ಕ ನನ್ನ ಕಡೆ ನೋಡಿ, ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಹೆಸರ ನಂದ ಅದ. ಕೈ ನಂದಲ್ಲ."

ಅವರನ್ನು ಗೂಡುಗಳಿಂದ ದೂರವಿಟ್ಟು ಬಟ್ಟೆ ಒಗೆಯುವ ಕಡೆ ಹಾಕಿದರು. ನಮ್ಮ ಅಂಗಳದಲ್ಲಿ ಒಂದು ಫರಸಿ ಕಲ್ಲು ನಿಂತಿದೆ. ಇಲ್ಲಿ ದುಡಿದ ಪಾಲಕಿಯರ ಹೆಸರುಗಳನ್ನೆಲ್ಲ ಅದರ ಮೇಲೆ ಕೆತ್ತಿದ್ದಾರೆ. ದಾವಲಬಿ ಅಕ್ಕನ ತಾಯಿಯ ಹೆಸರೂ ಅದರಲ್ಲಿದೆ, ಅದರ ಕೆಳಗೆ ಮಗಳದು. ಯುಗಾದಿಯ ಮಾರನೆಯ ದಿನ ಪಂಚಾಯಿತಿ ಕೂಡಿಸುವುದು, ತಪ್ಪು ಖಾತ್ರಿಯಾದರೆ ಅಕ್ಕನ ಹೆಸರನ್ನು ಉಳಿಯಿಂದ ಹೆರೆದು ತೆಗೆಯುವುದು ಎಂದು ನಿಶ್ಚಯವಾಯಿತು. ಹೆರೆದ ಹೆಸರಿನ ಜಾಗದಲ್ಲಿ ಬೇರೆ ಹೆಸರು ಕೆತ್ತುವುದಿಲ್ಲ. ಆ ಕಲ್ಲಿನಲ್ಲಿ ಅಂಥ ಬೋಳು ಜಾಗ ಒಂದಿದೆ. ನೂರು ವರ್ಷದ ಹಿಂದೆ ಯಾರು, ಏನು ಮಾಡಿದರು ಎಂದು ಈಗ ಯಾರಿಗೂ ಗೊತ್ತಿಲ್ಲ. ಆದರೂ ಮಕ್ಕಳು ಅದನ್ನು ಮುಟ್ಟದೆ ಸರಿದು ಹೋಗುತ್ತಾರೆ.

ಮಾಘದ ಅಮಾವಾಸ್ಯೆ ಕಳೆಯಿತು. ಅಕ್ಕ ಗೂಡುಗಳ ಸನಿಹಕ್ಕೂ ಬಂದಿರಲಿಲ್ಲ. ಆದರೂ ಮತ್ತೆ ಮೂರು ಗೂಡು ಬದಲಾದವು, ಮತ್ತೆ ಅದೇ ಹೆಸರು. ನಾನು ಇನ್ನು ಆಕೆ ಆರೋಪದಿಂದ ಬಿಡುಗಡೆಯಾದರೆಂದು ತಿಳಿದೆ. ಜನ ಅಂದದ್ದು ಬೇರೆ. ದೂರದಿಂದಲೇ ಬದಲಿಸುವ ಕಳ್ಳದಾರಿ ಆಕೆಗೆ ಗೊತ್ತಿದೆ, ನಲವತ್ತು ವರ್ಷದ ಅನುಭವ ಸುಮ್ಮನೆ ಬಂದದ್ದಲ್ಲ ಎಂದರು. ಹೆಸರು ಸಿಕ್ಕ ಮೇಲೆ ಯಾರೂ ಮುಂದಿನ ಸಾಲು ಓದುವುದಿಲ್ಲ. ಕಲಿತವರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ಅಂದು ಮನೆಗೆ ಹೋಗಿ ಪೂಜೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗವಿತ್ತು, ಕಣ್ಣ ಮುಂದೆ ಅಕ್ಕನ ಮುಖವಿತ್ತು. ಪೂಜೆಯನ್ನು ಅರ್ಧಕ್ಕೆ ಮುಗಿಸಿ ನೋಟುಬುಕ್ಕು ತೆಗೆದೆ, ಪಂಚಾಂಗ ಪಕ್ಕಕ್ಕಿಟ್ಟುಕೊಂಡೆ. ಬದಲಾದ ಗೂಡುಗಳು ಒಟ್ಟು ಒಂಬತ್ತು. ಗೂಡು ಹೇಳುವ ತೇದಿ ಸುಳ್ಳಿರಬಹುದು, ಆದರೆ ಎದ್ದು ಎಷ್ಟು ಗಂಟೆಯಾಯಿತೆಂಬ ಎಣಿಕೆ ಅದರದೇ ಉಸಿರು, ಅದರಲ್ಲಿ ಸುಳ್ಳಿಲ್ಲ. ಏಳನೆಯ ಕೋಣೆಯದು: ತದಿಗೆ ಬೆಳಗಿನ ಹನ್ನೊಂದಕ್ಕೆ ಬರೆದದ್ದು, ಎದ್ದು ಅರವತ್ತೇಳು ಗಂಟೆ. ಬೆರಳು ಮಡಚಿ ಹಿಂದಕ್ಕೆ ಎಣಿಸಿದೆ. ಅಮಾವಾಸ್ಯೆ, ಸಂಜೆ ನಾಲ್ಕು. ಉಗ್ರಾಣದ್ದು ಎಣಿಸಿದೆ. ಅಮಾವಾಸ್ಯೆ, ಮಧ್ಯಾಹ್ನ. ಒಂಬತ್ತೂ ಹಾಗೆಯೇ. ಎಲ್ಲವೂ ಅಮಾವಾಸ್ಯೆಯ ಮುಂಜಾನೆಯಿಂದ ಪಾಡ್ಯದ ಮುಂಜಾನೆಯೊಳಗೆ ಎದ್ದವು.

ಅಡುಗೆಮನೆಯವರಿಗೆ ಹೇಳಿದ್ದೇ ತಪ್ಪಾಯಿತು. ಗೂಡುಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟೋಣ ಎಂದು ಹೊರಟರು. ನಾನು ದೇವರನ್ನು ನಂಬುವವಳು, ಅದಕ್ಕೇ ಅದನ್ನು ಒಪ್ಪಲಿಲ್ಲ. ದೇವರಿಗಾಗಲಿ ದೆವ್ವಕ್ಕಾಗಲಿ ಚಾನೆಲ್ಲು ಬದಲಿಸುವ ಕೆಲಸವಿಲ್ಲ, ಅದು ಮನುಷ್ಯರ ಕೆಲಸ. ಅಮಾವಾಸ್ಯೆಯ ದಿನ ಮಾತ್ರ ಈ ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಎಂದು ನನ್ನನ್ನೇ ಕೇಳಿಕೊಂಡೆ. ಪೂಜೆ ನಡೆಯುತ್ತದೆ. ಮಾಡುವವರು ಯಾರು? ನಾನು.

ಒಂದು ತಿಂಗಳಲ್ಲಿ ಮೊದಲ ಸಲ ಬಟ್ಟೆ ಒಗೆಯುವ ಕಡೆ ಹೋದೆ. ಅಕ್ಕ ಚಾದರ ಮಡಚುತ್ತಿದ್ದರು, ಕತ್ತು ಎತ್ತಲಿಲ್ಲ. ಅಜ್ಜನಿಗೆ ಕೊನೆಯ ಕಟ್ಟಳೆ ಬರೆದವರು ಯಾರೆಂದು ಕೇಳಿದೆ.

"ನಾನೇ. ಅಂವನ ಕಡೀ ದಿನ ನಾನೇ ಬರದು ಹೆಸರ ಹಾಕಿದ್ದೆ. ಯಾಕ, ಅದನ್ನೂ ನನ್ನ ಮ್ಯಾಲ ಹಾಕಾಂವ್ರೇನು?"

ನಾಡಿಬಳೆ ಬಂದದ್ದು ಆ ದಿನದ ನಂತರ. ಅಜ್ಜನಿಗೆ ಅದರ ಪರಿಚಯವೇ ಇರಲಿಲ್ಲ. ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಡಾಕ್ಟರ ಹತ್ತಿರ ಹೋಗಿ, ನನ್ನ ಕೈಯಿಂದಲೇ ಆಗಿರಬಹುದು, ಪರೀಕ್ಷೆ ಮಾಡಿ ನೋಡಿ, ಅಕ್ಕನೂ ಎದುರಿಗಿರಲಿ ಎಂದು ಬೇಡಿಕೊಂಡೆ.

ಫಾಲ್ಗುಣದ ಒಂದು ಮಂಗಳವಾರ, ದಶಮಿ, ಬೆಳಗಿನ ಹತ್ತು ಗಂಟೆ. ಅಮಾವಾಸ್ಯೆಯಲ್ಲದ ದಿನವನ್ನೇ ಆರಿಸಿದೆ. ಮೂವತ್ತೊಂದನೆಯ ಖಾಲಿ ಕೋಣೆಯ ಗೂಡನ್ನು ಒಮ್ಮೆ ಆರಿಸಿ ಎಬ್ಬಿಸಿದೆವು. ಹೊಸ ಯಜಮಾನನ ಕಟ್ಟಳೆ ಬಂತು, ಸರಿಯಾಗಿತ್ತು. ಆಮೇಲೆ ನಾನು ಅಜ್ಜನಿಗೆ ತಂತಿ ಸಿಕ್ಕಿಸಿದೆ. ಅಂದು ವಿಭೂತಿ ಇಲ್ಲ, ಹೂ ಇಲ್ಲ. ಗೂಡನ್ನು ಮತ್ತೆ ಆರಿಸಿ ಎಬ್ಬಿಸಿದೆವು. ಗೂಡು ಎದ್ದ ಕೂಡಲೇ ನನ್ನ ಯಜಮಾನ ಯಾರು ಎಂದು ಕೂಗುತ್ತದೆ, ಮೊದಲು ಓಗೊಟ್ಟವರ ಮಾತು ಕೇಳುತ್ತದೆ. ಹೊಸ ಯಜಮಾನನಿಗೆ ನೂರು ಕೆಲಸ, ಅಜ್ಜನಿಗೆ ಬೇರೆ ಕೆಲಸವೇ ಇಲ್ಲ. ಅಜ್ಜನೇ ಮೊದಲು ಓಗೊಟ್ಟ. ಹಳೆಯ ಕಟ್ಟಳೆ ಕೊಟ್ಟ, ಕೆಳಗೆ ದಾವಲಬಿ ಎಂಬ ಹೆಸರೂ ತನ್ನ ನಿಂತುಹೋದ ಗಡಿಯಾರದ ತೇದಿಯೂ ಬಂದವು. ಮೂರನೆಯ ಸಲ, ಮಾತಿನ ತಂತಿ ತೆಗೆದು ಬರೀ ಕರೆಂಟು ಕೊಟ್ಟು ನೋಡಿದೆವು. ಗೂಡು ಸರಿಯಾಗಿ ಎದ್ದಿತು. ಹೊಸ ಯಜಮಾನ ಇದನ್ನು ತಾನಾಗಿ ಯಾಕೆ ತಿದ್ದಲಿಲ್ಲ ಎಂದು ಡಾಕ್ಟರು ಕೇಳಿದರು. ಪಾಲಕಿಯ ಹೆಸರಿರುವ ಕಟ್ಟಳೆಯನ್ನು ಯಂತ್ರ ಮುಟ್ಟಬಾರದು ಎಂದು ನಾವೇ ಅದಕ್ಕೆ ಕಲಿಸಿದ್ದೆವು. ಮನುಷ್ಯರ ಕೈಬರಹಕ್ಕೆ ಅದು ಮರ್ಯಾದೆ ಕೊಟ್ಟಿತು.

ಅಕ್ಕ ಅಜ್ಜನ ಮುಂದೆ ಕೂತು, ಹಳೆಯ ವಿಭೂತಿಯನ್ನು ಸೆರಗಿನಿಂದ ಒರೆಸಿ, ನನ್ನ ಕಡೆ ತಿರುಗಿದರು.

"ಹನ್ನೊಂದು ವರ್ಷ ಊದಿನಕಡ್ಡಿ ಹಚ್ಚಿದಾಕಿ ನೀ. ಮುದುಕಗ ನೆನಪಿದ್ದದ್ದು ಮಾತ್ರ ನನ್ನ ಹೆಸರು ನೋಡು."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಯುಗಾದಿಯ ಮಾರನೆಯ ದಿನ ಪಂಚಾಯಿತಿ ಕೂಡಿತು. ಕಲ್ಲಿನ ಮೇಲಿನ ಹೆಸರು ಉಳಿಯಿತು. ನನಗೆ ಈ ಓಲೆ ಬರೆಯಲು ಹೇಳಿದರು. ನಾನು ಭಾಗ್ಯವಂತಿಯ ಊರಿಗೆ ಹೋಗಿ ಅವಳ ಕಾಲು ಮುಟ್ಟಿ ಬಂದೆ. ಆಕೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಅತ್ತೆ ಮಾತಾಡಿಸಲಿಲ್ಲ, ಒಳಗಿನಿಂದ ನೀರು ತಂದು ಇಟ್ಟಳು. ಅಜ್ಜನ ಹೊಟ್ಟೆಯಲ್ಲಿದ್ದ ಕಟ್ಟಳೆಯನ್ನೆಲ್ಲ ಅಕ್ಕನೇ ಅಳಿಸಿದರು. ಪೂಜೆ ಬಿಟ್ಟಿಲ್ಲ. ಈಗ ಎಣ್ಣೆಯ ಹಣತೆ ಹಚ್ಚಿಡುತ್ತೇನೆ. ಅಜ್ಜ ಆರಿಯೇ ಇರುತ್ತಾನೆ. ಆರಿದವರಿಗೂ ಕೈ ಮುಗಿಯಬಹುದೆಂದು ಐವತ್ತನೆಯ ವಯಸ್ಸಿನಲ್ಲಿ ಕಲಿತೆ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ಈ ಪದ್ಧತಿಗಳನ್ನು ಶುರುಮಾಡಿದವರು ನೀವು, ತಿದ್ದುವುದಿದ್ದರೆ ನಿಮ್ಮ ಕೈಯಲ್ಲೇ ಸುಲಭ. ಒಂದು ಪೆಟ್ಟಿಗೆಗೆ ವಿಶ್ರಾಂತಿ ಕೊಟ್ಟರೆ ಅದರ ನೆನಪನ್ನೂ ತೆಗೆಯಿರಿ. ಗೌರವಕ್ಕೆಂದು ಇಟ್ಟುಕೊಂಡರೂ ಮಾತಿನ ತಂತಿ ಕೊಡಬೇಡಿ. ಬದಲಿಸಿದವರು ಯಾರು ಎಂದು ಬರೆದರೆ ಸಾಲದು, ಯಾಕೆ ಬದಲಿಸಿದೆವು ಎಂಬುದನ್ನೂ ಹೆಸರಿನ ಪಕ್ಕ ಬರೆಯಿರಿ. ಕಾರಣವಿಲ್ಲದ ಹೆಸರು ಎಲ್ಲಿ ಬೇಕಾದರೂ ಹೋಗಿ ಕೂತುಬಿಡುತ್ತದೆ. ಮತ್ತು ಯಾರಾದರೂ ಇದು ಆಕೆಯ ಹೆಸರೇ ಹೌದಲ್ಲ ಎಂದು ಕೇಳಿದರೆ, ಹೌದು ಎಂದು ಹೇಳಿ ಅಲ್ಲಿಗೇ ಬಾಯಿ ಮುಚ್ಚಬೇಡಿ.

ಈ ಓಲೆಯನ್ನು ಅಂಗಳದಲ್ಲಿ ಓದುವ ಮೊದಲು ದಾವಲಬಿ ಅಕ್ಕನಿಗೆ ತೋರಿಸಿದೆ. ಕೆಲಸ ಮುಗಿಸಿ ಇಬ್ಬರೂ ರೊಟ್ಟಿ ಉಣ್ಣುತ್ತ ಕೂತಿದ್ದೆವು. ಕೊನೆಯ ಸಾಲಿನಲ್ಲಿ ನಾನು, ಅಕ್ಕ ನನ್ನನ್ನು ಕ್ಷಮಿಸಿದ್ದಾರೆ ಎಂದು ಬರೆದಿದ್ದೆ. ಅವರು ಕೈ ತೊಳೆದು ಬಂದು, ಪೂರ್ತಿ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ತಗಿ. ಇನ್ನಾ ಇಲ್ಲ."

ಆ ಸಾಲನ್ನು ಹೊಡೆದುಹಾಕಿದ್ದೇನೆ. ಬದಲಿಸಿದವಳು ಜಗದೇವಿ, ಪಾಲಕಿ. ಕಾರಣ: ಬರೆದದ್ದು ನಿಜವಾಗಿರಲಿಲ್ಲ.